ಒಂದೇ ಕಲ್ಲಿಗೆ ಮೂರು ನಂಬರು ಇದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು?

ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಪ್ರೌಢಶಾಲೆಯ ಇತಿಹಾಸ ಮಾಸ್ತರ. ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ತುಂಗಭದ್ರೆಯ ಎರಡೂ ದಂಡೆಯ ಶಾಸನ, ವೀರಗಲ್ಲು, ಹಾಳೂರು ದಿಬ್ಬಗಳ ಪಟ್ಟಿ ಮಾಡುತ್ತಿದ್ದೇನೆ. ಈ ಕಡೆ ಮುಂಡರಗಿ, ಆ ಕಡೆ ಹಡಗಲಿ, ಮೂಡಲಿಗೆ ಕೊಪ್ಪಳ. ಹಳೇ ಪುಸ್ತಕಗಳಿಂದ ಮೂರು ಬೇರೆ ಬೇರೆ ಪಟ್ಟಿ ಸಿಕ್ಕವು. ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಹಾಕಿದೆ. ನಾನೂರು ಚಿಲ್ಲರೆ ಸಾಲು ಆಯಿತು. ಒಂದೇ ಕಲ್ಲು ಎರಡು ಮೂರು ಸಲ ಬಂದಿದೆ ಅನಿಸುತ್ತದೆ. ಯಾವ ನಂಬರ್ ಇಟ್ಟುಕೊಳ್ಳಲಿ, ಯಾವುದನ್ನು ಅಳಿಸಲಿ?
(ಒಬ್ಬ ಶಿಕ್ಷಕರು, ಮುಂಡರಗಿ ತಾಲ್ಲೂಕು)

ಉತ್ತರ: ಮಾಸ್ತರೇ, ಯಾವುದನ್ನೂ ಅಳಿಸಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಆ ಫೈಲಿನ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಟ್ಟು ಬನ್ನಿ.

ನನ್ನ ತವರು ಹಡಗಲಿ ಕಡೆ, ಕೊಟ್ಟ ಮನೆ ನಿಮ್ಮ ಮುಂಡರಗಿ ಕಡೆ. ನಡುವೆ ಇರುವುದು ಒಂದು ಹೊಳೆ, ಅಷ್ಟೇ. ಆದರೆ ನಮ್ಮಜ್ಜಿಯ ಕಾಲದಲ್ಲಿ ಹೊಳೆ ದಾಟಿದರೆ ಸರ್ಕಾರವೇ ಬೇರೆ. ಹಡಗಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮುಂಡರಗಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ. ಕೊಪ್ಪಳ ನಿಜಾಮರ ಸಂಸ್ಥಾನದೊಳಗೆ. ಪಕ್ಕದ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಮೈಸೂರು, ಕೊಡಗು ಮತ್ತೆ ಬೇರೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, 1956ರಲ್ಲಿ ಉಳಿದವು ಸೇರಿದವು. ನಕಾಶೆ ಒಂದಾಯಿತು. ಶಾಸನದ ಪುಸ್ತಕಗಳು ಮಾತ್ರ ತಮ್ಮ ತಮ್ಮ ಹಳೇ ಸರ್ಕಾರದ ಲೆಕ್ಕದಲ್ಲೇ ಉಳಿದವು. ನಿಮ್ಮ ಮೂರು ಪಟ್ಟಿ ಹುಟ್ಟಿದ್ದು ಹೀಗೆ.

ಮೈಸೂರಿನಲ್ಲಿ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಪುಟಗಳ ಮಾಲೆ ಶುರು ಮಾಡಿದಾಗ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ, ಹೀಗೆ ಕೊಟ್ಟರು. ತಾಳಗುಂದದ ಕಂಬದ ಶಾಸನ ಎಂದರೆ 'ಶಿಕಾರಿಪುರ 176'. ಮುಂಬೈ ಕಡೆ ಮೊದಲು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಶಾಸನ ಅಚ್ಚು ಹಾಕಿಸಿದರು. ಆಮೇಲೆ ಅಲ್ಲಿನ ಶಾಸನಗಳಿಗೆ 'ಬಿ.ಕೆ.' ನಂಬರು ಮತ್ತು ವರ್ಷ ಬಂತು. ಬಿ.ಕೆ. ಅಂದರೆ ಬಾಂಬೆ ಕರ್ನಾಟಕ. ಅವೇ ಶಾಸನಗಳಲ್ಲಿ ಎಷ್ಟೋ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಸಂಪುಟಗಳಲ್ಲಿ ಅಚ್ಚಾಗುವಾಗ ಇನ್ನೊಂದು ನಂಬರು ಪಡೆದವು. ಮದ್ರಾಸ್ ಕಡೆ ಶಾಸನ ಇಲಾಖೆಯ ವಾರ್ಷಿಕ ವರದಿಯ ನಂಬರು ಒಂದು, ಸಂಪುಟದ್ದು ಇನ್ನೊಂದು. ಹೈದರಾಬಾದಿನವರದು ತಮ್ಮದೇ ಒಂದು ಪುರಾತತ್ವ ಮಾಲೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳು ಬೇರೆ.

ಒಂದೇ ಮಾಲೆಯಲ್ಲೂ ನಂಬರು ನಿಂತ ಕಡೆ ನಿಲ್ಲುವುದಿಲ್ಲ. ಶ್ರವಣಬೆಳಗೊಳ ನೋಡಿ. ರೈಸ್ ಅವರ 1889ರ ಸಂಪುಟದಲ್ಲಿ 144 ಶಾಸನ ಇದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. 1973ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ತಂದ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. ಆದರೆ 1930ರ ಲೇಖನ ಹೇಳುವ ನಂಬರನ್ನು 1973ರ ಪುಸ್ತಕದಲ್ಲಿ ತೆಗೆದರೆ ಬೇರೆಯೇ ಶಾಸನ ಸಿಗುತ್ತದೆ. ಹಳೇ ನಂಬರನ್ನು ನೀವು ಅಳಿಸಿದರೆ ಆ ಲೇಖನ ಬರೆದವರ ಕೈ ಹಿಡಿದು ಕಲ್ಲಿನ ತನಕ ಬರುವ ದಾರಿ ಮುಚ್ಚಿದಂತೆ.

ಹಾಗಾದರೆ ಏನು ಮಾಡೋದು? ಒಂದು ಹಾಳೆಯನ್ನು ಎರಡು ಮಾಡಿ. ಮೊದಲ ಹಾಳೆ ಕಲ್ಲುಗಳದ್ದು. ಒಂದು ಕಲ್ಲಿಗೆ ಒಂದೇ ಸಾಲು. ಎರಡನೆಯದು ಉಲ್ಲೇಖಗಳದ್ದು. ಯಾವ ಪುಸ್ತಕ, ಯಾವ ಸಂಪುಟ, ಯಾವ ಪುಟ, ಯಾವ ನಂಬರು, ಊರಿನ ಹೆಸರು ಅಲ್ಲಿ ಹೇಗೆ ಅಚ್ಚಾಗಿದೆ, ಎಲ್ಲ ಇದ್ದದ್ದು ಇದ್ದ ಹಾಗೆ. ಅಲ್ಲಿ ತಪ್ಪಿದ್ದರೂ ತಿದ್ದಬೇಡಿ. ಒಂದು ಕಲ್ಲಿಗೆ ಐದು ಉಲ್ಲೇಖ ಇದ್ದರೆ ಐದು ಸಾಲು ಬರಲಿ. ಎರಡೂ ಹಾಳೆಯನ್ನು ಜೋಡಿಸಲು ನಿಮ್ಮದೇ ಒಂದು ನಂಬರು ಕೊಡಿ. ಅದು ಸುಮ್ನೆ ಒಂದು ಅಂಕಿಯಾಗಿರಲಿ. ಅದರೊಳಗೆ ಜಿಲ್ಲೆ, ತಾಲ್ಲೂಕಿನ ಹೆಸರು ಸೇರಿಸಲೇಬೇಡಿ. ಹಳೇ ಕಾಲದ ನೆಲೆಯಾದ ಹಳ್ಳೂರಿನ ಉತ್ಖನನ 1965ರಲ್ಲಿ ಆದಾಗ ಅದು ಧಾರವಾಡ ಜಿಲ್ಲೆ. 1997ರಿಂದ ಹಾವೇರಿ. ನನ್ನ ತವರಿಗೆ ನೋಡಿ, ನನ್ನ ಕಣ್ಣೆದುರೇ ಬಳ್ಳಾರಿ ಹೋಗಿ ವಿಜಯನಗರ ಜಿಲ್ಲೆ ಬಂತು.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಒಂದೊಂದು ರಾಜ್ಯಕ್ಕೂ ಪುರಾತತ್ವ ನೆಲೆಗಳ ಬೇರೆ ದಫ್ತರ. ಕಹೋಕಿಯಾ ಎಂಬ ದೊಡ್ಡ ದಿಬ್ಬಗಳ ಊರಿನ ನಂಬರು '11 ಎಂಎಸ್ 2'. 11 ಅಂದರೆ ಇಲಿನಾಯ್ ರಾಜ್ಯ, ಎಂಎಸ್ ಅಂದರೆ ಮ್ಯಾಡಿಸನ್ ಕೌಂಟಿ, ಅಲ್ಲಿನ ಎರಡನೇ ನೆಲೆ. ನಮ್ಮ 'ಶಿಕಾರಿಪುರ 176'ರ ಹಾಗೇ, ಅಲ್ವಾ? ಡಿನಾ ಎಂಬ ಯೋಜನೆಯವರು ಹಲವು ರಾಜ್ಯಗಳ ಪಟ್ಟಿಗಳನ್ನು ಜೋಡಿಸಿದಾಗ ಈ ಹಳೇ ನಂಬರುಗಳನ್ನು ಕಿತ್ತು ಹಾಕಲಿಲ್ಲ. ಅವನ್ನೇ ಹಿಡಿದುಕೊಂಡು ಒಂದಕ್ಕೊಂದು ಕೊಂಡಿ ಹಾಕಿದರು. ನನಗೆ ಅದು ಬಹಳ ಹಿಡಿಸಿತು.

ಇನ್ನು ಕಾರಣ. ತುಂಬಾ ವರ್ಷಗಳ ಹಿಂದೆ ನಾನು ಒಂದು ಕಚೇರಿಯಲ್ಲಿ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ಎರಡು ಪುಸ್ತಕದಲ್ಲಿ ಒಂದೇ ಊರು, ಹನುಮಂತದೇವರ ಗುಡಿ, ವೀರಗಲ್ಲು, ಅದೇ ರಾಜನ ಹೆಸರು, ಅದೇ ವರ್ಷ. ಒಂದರಲ್ಲಿ ಅಳತೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಒಂದೇ ಕಲ್ಲು ಅಂದುಕೊಂಡೆ. ಅಳತೆ ಇಲ್ಲದ ಸಾಲನ್ನು ಅಳಿಸಿದೆ. ನಾಲ್ಕು ವರ್ಷ ಬಿಟ್ಟು ಆ ಊರಿಗೆ ಹೋದಾಗ ಪೂಜಾರಪ್ಪ ಕೇಳಿದರು, "ಎರಡರಾಗ ಒಂದೇ ಉಳದೈತಿ, ಹಿಂದಿನದು ಎಲ್ಲಿ ಹೋತು ಅಂತ ನಿಮಗೇನಾರ ಗೊತ್ತೇನ್ರಿ ತಂಗಿ?" ಒಂದೇ ಕಾಳಗದಲ್ಲಿ ಸತ್ತ ಇಬ್ಬರಿಗೆ ಎರಡು ಕಲ್ಲು ನಿಲ್ಲಿಸಿದ್ದರು. ಒಂದು ಗುಡಿಯ ಮುಂದೆ, ಒಂದು ಹಿಂದೆ. ರಸ್ತೆ ಅಗಲ ಮಾಡುವಾಗ ಹಿಂದಿನದನ್ನು ಎತ್ತಿ ಎಲ್ಲೋ ಹಾಕಿದ್ದರು. ಪಟ್ಟಿಯಲ್ಲಿ ಅದು ಇಲ್ಲದ್ದರಿಂದ ಯಾರೂ ಕೇಳಲಿಲ್ಲ. ಆ ಕಲ್ಲು ಇವತ್ತಿಗೂ ಸಿಕ್ಕಿಲ್ಲ. ಆ ವೀರನ ಹೆಸರು ನನಗೆ ಬಾಯಿಪಾಠ ಇದೆ.

ಅದಕ್ಕೇ ಹೇಳುತ್ತೇನೆ, ಎರಡು ಸಾಲು ಒಂದೇ ಕಲ್ಲಿನದು ಅನಿಸಿದಾಗ ಪಕ್ಕದಲ್ಲಿ ಒಂದು ಕಾಲಂ ಇಡಿ. 'ಅದೇ', 'ಇರಬಹುದು', 'ಬೇರೆ', ಮೂರರಲ್ಲಿ ಒಂದು ಬರೆಯಿರಿ. ಯಾರು ನೋಡಿದರು, ಯಾವತ್ತು ನೋಡಿದರು ಅಂತಲೂ ಬರೆಯಿರಿ. ಕಲ್ಲಿನ ಮುಂದೆ ನಿಂತು ನೋಡದೆ 'ಅದೇ' ಬರೆಯಬೇಡಿ. ಮಕ್ಕಳಿದ್ದಾರಲ್ಲ, ಅವರ ಕೈಲಿ ಅಳತೆ ತೆಗೆಸಿ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಯಾರಾದರೂ ಕೇಳಿದರೆ ಅಶೋಕನ ಶಾಸನಗಳನ್ನು ತೋರಿಸಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು 1892ರಲ್ಲಿ ರೈಸ್ ಅವರಿಗೆ ಸಿಕ್ಕಿತು, ಮೈಸೂರಿನ ಪುಸ್ತಕ ಸೇರಿತು. ಮಸ್ಕಿಯದು 1915ರಲ್ಲಿ ಸಿಕ್ಕಿತು, ಹೈದರಾಬಾದಿನ ಮಾಲೆಯಲ್ಲಿ ಮೊದಲ ಪುಸ್ತಕವಾಯಿತು. ಕೊಪ್ಪಳದವೂ ಹೈದರಾಬಾದಿನ ಲೆಕ್ಕಕ್ಕೇ ಹೋದವು. ನಿಟ್ಟೂರು, ಉಡೇಗೋಳದವು ಸಿಕ್ಕಿದ್ದು ಏಕೀಕರಣ ಆದ ಮೇಲೆ, ಬಳ್ಳಾರಿ ಜಿಲ್ಲೆಯಲ್ಲಿ. ಎಲ್ಲ ಒಬ್ಬನೇ ರಾಜನ ಮಾತು, ಎಲ್ಲ ಈ ಬಯಲುಸೀಮೆಯ ಬಂಡೆಗಳ ಮೇಲೆ. ಇವನ್ನು ಒಂದು ನಕಾಶೆಯಲ್ಲಿ ಇಟ್ಟಾಗಲೇ ಅವನ ಅಧಿಕಾರಿಗಳು ಎಲ್ಲೆಲ್ಲಿ ಓಡಾಡಿದ್ದರು ಎನ್ನುವುದು ಕಾಣುತ್ತದೆ. ನಿಮ್ಮ ಹೊಳೆಯ ಎರಡು ದಂಡೆಗೂ ಇದೇ ಮಾತು. ನಿಮ್ಮ ಶಾಸನ, ವೀರಗಲ್ಲುಗಳ ಕಾಲದ ದಂಡನಾಯಕರಿಗೆ ಅದು ಬರೀ ಹೊಳೆ, ಮದ್ರಾಸ್ ಮುಂಬೈಗಳ ಗಡಿ ಆಗಿರಲಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿನ ಹೆಸರು ಮತ್ತು ಅಕ್ಷಾಂಶ, ರೇಖಾಂಶ ಹೋಲಿಸಿ ಒಂದೇ ನೆಲೆಯ ದಾಖಲೆಗಳನ್ನು ಕಂಪ್ಯೂಟರೇ ಸೇರಿಸುವ ಹಾಗೆ ಮಾಡಬಹುದಲ್ಲವೇ? ಎಲ್ಲವನ್ನೂ ಗೂಗಲ್ ಮ್ಯಾಪಿಗೆ ಹಾಕುವ ಆಸೆಯೂ ಇದೆ.
(ಬೆಂಗಳೂರಿನ ಓದುಗ)

ಉತ್ತರ: ನಿಮ್ಮಂಥವರು ಈ ಕೆಲಸಕ್ಕೆ ಬರಬೇಕು ತಮ್ಮಾ, ನನಗೆ ಬಹಳ ಖುಷಿ. ಆದರೆ ಕಂಪ್ಯೂಟರಿಗೆ ಸೇರಿಸುವ ಅಧಿಕಾರ ಕೊಡಬೇಡಿ. 'ಈ ಎರಡು ಒಂದೇ ಇರಬಹುದು, ನೋಡಿ' ಅಂತ ಹೇಳುವ ಕೆಲಸ ಮಾತ್ರ ಕೊಡಿ.

ಬಳ್ಳಾರಿ ಪಕ್ಕದ ಒಂದೇ ಗುಡ್ಡದ ಗುಂಪನ್ನು ತೆಗೆದುಕೊಳ್ಳಿ. ಹೊಸ ಶಿಲಾಯುಗದ ಜನ ಅಲ್ಲಿ ವಾಸ ಮಾಡಿದ್ದರು, ಬಂಡೆಗಳ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದರು. ಕೆಲವರ ಬರಹದಲ್ಲಿ ಅದು ಸಂಗನಕಲ್ಲು, ಕೆಲವರದರಲ್ಲಿ ಕಪ್ಪಗಲ್ಲು, ಕೆಲವರದರಲ್ಲಿ ಹಿರೇಗುಡ್ಡ. ಹಳೇ ಇಂಗ್ಲಿಷ್ ಬರಹಗಳಲ್ಲಿ ನವಿಲು ಬೆಟ್ಟ. ಅಕ್ಷರ ಹೋಲಿಸಿದರೆ ಇವು ಎಂದೂ ಕೂಡುವುದಿಲ್ಲ. ಇನ್ನೊಂದು ಕಡೆ ಹಿರೇಹಳ್ಳಿ ಅಂತ ಹುಡುಕಿ ನೋಡಿ. ಅಕ್ಷರ ಎಲ್ಲ ಒಂದೇ, ಊರು ಬೇರೆ ಬೇರೆ. ಕೆಲವು ಊರುಗಳಲ್ಲಿ ಈಗ ಜನವೇ ಇಲ್ಲ. ಕಂದಾಯದವರು ಬೇಚಿರಾಕ್ ಅನ್ನುತ್ತಾರಲ್ಲ, ಅಂಥವು ಮ್ಯಾಪಿನಲ್ಲಿ ಸಿಗುವುದು ಕಷ್ಟ. ಪಹಣಿಯಲ್ಲಿ ಸಿಗಬಹುದು. ಅಣೆಕಟ್ಟಿನ ನೀರಿಗೆ ಹೋದ ಊರುಗಳದ್ದು ಮತ್ತೊಂದು ಪಾಡು. ಊರು ಒಂದು ಕಡೆ ಹೋಗಿದೆ, ಕಲ್ಲು ಇನ್ನೊಂದು ಕಡೆ.

ಅಕ್ಷಾಂಶ, ರೇಖಾಂಶವನ್ನೂ ಪೂರ್ತಿ ನಂಬಬೇಡಿ. ಹಳೇ ವರದಿಗಳಲ್ಲಿ ಡಿಗ್ರಿ, ಮಿನಿಟ್ ತನಕ ಬರೆದು ನಿಲ್ಲಿಸಿರುತ್ತಾರೆ. ಅಕ್ಷಾಂಶದ ಒಂದು ಮಿನಿಟ್ ಅಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. ಅಷ್ಟರಲ್ಲಿ ಎರಡು ಊರು ಬರಬಹುದು. ಹಳೇ ಸರ್ವೆ ನಕಾಶೆಗಳು ಎವರೆಸ್ಟ್ ಎಂಬ ಹಳೇ ಭೂಮಾಪನ ಲೆಕ್ಕದವು. ಈಗಿನ ಮೊಬೈಲ್ ಜಿಪಿಎಸ್ ಲೆಕ್ಕ ಬೇರೆ. ನೇರವಾಗಿ ಹಾಕಿದರೆ ಚುಕ್ಕೆ ನೂರು ಮೀಟರಿಗಿಂತ ಜಾಸ್ತಿ ಸರಿಯುತ್ತದೆ. ಹಾಗಾಗಿ ಪ್ರತಿ ಚುಕ್ಕೆಯ ಪಕ್ಕ ಅದು ಎಲ್ಲಿಂದ ಬಂತು, ಎಷ್ಟು ದೂರ ತಪ್ಪಿರಬಹುದು ಅಂತ ಒಂದು ಕಾಲಂ ಇರಲಿ.

ಮ್ಯಾಪಿನ ವಿಷಯಕ್ಕೆ ನನ್ನ ಉತ್ತರ ಬೇಡ ಅಂತ. ನಿಧಿ ಆಸೆಗೆ ಗುಡಿಯ ಗರ್ಭಗೃಹ, ವೀರಗಲ್ಲಿನ ಬುಡ ಅಗೆಯುವವರು ನಮ್ಮಲ್ಲಿ ಇದ್ದಾರೆ. ಬಯಲಿನಲ್ಲಿ ಒಂಟಿಯಾಗಿರುವ ಕಲ್ಲಿನ ಸರಿಯಾದ ಜಾಗ ಅವರ ಕೈಗೆ ಕೊಡಬೇಡಿ. ಮೇಲೆ ಹೇಳಿದ ಅಮೆರಿಕದ ಯೋಜನೆಯವರು ಸಾರ್ವಜನಿಕರಿಗೆ ತೋರಿಸುವುದು ಸುಮಾರು 20 ಕಿಲೋಮೀಟರ್ ಅಗಲದ ಚೌಕವನ್ನು ಮಾತ್ರ. ನೀವೂ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಿಸಿ. ಸರಿಯಾದ ಜಾಗ ನಿಮ್ಮ ಹತ್ತಿರ, ಇಲಾಖೆಯವರ ಹತ್ತಿರ ಇರಲಿ.

ಪ್ರಶ್ನೆ: ನಮ್ಮ ಕಡೆ ಕಲ್ಲುಚಪ್ಪಡಿಯ ಹಳೇ ಗೋರಿಗಳಿಗೆ ಪಾಂಡುಪಾರೆ ಅನ್ನುತ್ತೇವೆ. ಪುಸ್ತಕಗಳಲ್ಲಿ ಡಾಲ್ಮನ್, ಸಿಸ್ಟ್ ಅಂತ ಇರುತ್ತದೆ. ಪಟ್ಟಿ ಮಾಡುವಾಗ ಯಾವುದು ಬರೆಯಬೇಕು?
(ಕಾಲೇಜು ವಿದ್ಯಾರ್ಥಿನಿ, ಕೊಡಗು)

ಉತ್ತರ: ಎರಡೂ ಬರೆಯಮ್ಮಾ, ಬೇರೆ ಬೇರೆ ಕಾಲಂನಲ್ಲಿ. ಇಂಥವಕ್ಕೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಕಡೆ ಮೋರೇರ ಮನೆ ಅನ್ನುತ್ತಾರೆ. ಬಳ್ಳಾರಿ, ರಾಯಚೂರು ಕಡೆ ಬೂದಿದಿಬ್ಬಗಳಿದ್ದಾವೆ, ಹಳೆಯ ಕಾಲದಲ್ಲಿ ದನದ ಸಗಣಿ ರಾಶಿ ಸುಟ್ಟು ಆದವು. ಅವನ್ನು ಕೂಡ ಒಬ್ಬೊಬ್ಬ ಸಾಹೇಬರು ಒಂದೊಂದು ಇಂಗ್ಲಿಷ್ ಹೆಸರಿನಿಂದ ಬರೆದಿದ್ದಾರೆ. ವಿದ್ವಾಂಸರ ಪದ ಇದ್ದರೆ ಕೊಡಗಿನ ನೆಲೆಯನ್ನು ಕೊಪ್ಪಳದ ನೆಲೆಯ ಪಕ್ಕ ಇಟ್ಟು ನೋಡಬಹುದು. ಊರಿನ ಪದ ಇದ್ದರೆ ಮುಂದೆ ನಿನ್ನ ಹಾಗೆ ಯಾರೋ ಬಂದು ಅಲ್ಲಿನ ದನ ಕಾಯುವವರನ್ನು ಕೇಳಿದಾಗ ಅವರು ಕೈ ತೋರಿಸುತ್ತಾರೆ. 'ಸಿಸ್ಟ್ ಎಲ್ಲಿದೆ' ಅಂತ ಕೇಳಿದರೆ ಯಾರು ತೋರಿಸಬೇಕು? ಮೇಲಿನ ಚಪ್ಪಡಿ ಇದೆಯಾ, ನಾಲ್ಕೂ ಪಕ್ಕದ ಕಲ್ಲು ಇದೆಯಾ, ದುಂಡನೆಯ ಕಂಡಿ ಯಾವ ದಿಕ್ಕಿಗಿದೆ, ಅದನ್ನೂ ಬರೆ. ಹೋಗುವಾಗ ದಿಕ್ಸೂಚಿ, ಟೇಪು ಮರೆಯಬೇಡ. ಕಾಫಿ ತೋಟದೊಳಗೆ ಇದ್ದರೆ ತೋಟದವರನ್ನು ಮೊದಲು ಕೇಳು.