ಅಂಗಡಿ ಪಕ್ಕದ ಖಾಲಿ ಸೈಟು, ಕೌಂಟರ್ ಮೇಲಿಟ್ಟ ಕವರ್: ಅಂಗಡಿಯವರ ನಾಲ್ಕು ಪ್ರಶ್ನೆ

ಈ ಸಲ ಆರಿಸಿಕೊಂಡ ನಾಲ್ಕೂ ಪ್ರಶ್ನೆ ಸಣ್ಣ ಅಂಗಡಿಯವರದ್ದು, ಎಲ್ಲವೂ ನಶೆಯ ಹಾವಳಿ ಬಗ್ಗೆ. ನಾನು ವ್ಯಸನ ಚಿಕಿತ್ಸೆಯಲ್ಲಿ ಸಮಾಜಕಾರ್ಯಕರ್ತೆಯಾಗಿ ಕೆಲಸ ಮಾಡುವವಳು. ಜತೆಗೆ ದಿನಸಿ ಅಂಗಡಿಯವರ ಮಗಳು. ರಾತ್ರಿ ಶಟರ್ ಎಳೆಯುವಾಗ ಅಪ್ಪ ಒಮ್ಮೆ ಹಿಂದೆ ತಿರುಗಿ ರಸ್ತೆ ನೋಡುತ್ತಿದ್ದರು, ಆಮೇಲೇ ಬೀಗ ಹಾಕುತ್ತಿದ್ದರು. ನಿಮ್ಮ ಪತ್ರ ಓದುವಾಗೆಲ್ಲ ಅದೇ ನೆನಪಾಯಿತು.

ಪ್ರಶ್ನೆ 1: ಪೀಣ್ಯದ ಹತ್ತಿರ ನನ್ನದೊಂದು ಸಣ್ಣ ಬೇಕರಿ. ಊರು ಹಾಸನ ಕಡೆ. ರಾತ್ರಿ ಎಂಟಾದ ಮೇಲೆ ಪಕ್ಕದ ಖಾಲಿ ಸೈಟಿನಲ್ಲಿ ಐದಾರು ಹುಡುಗರು ಸೇರುತ್ತಾರೆ. ಗಾಂಜಾ ವಾಸನೆ ಬರುತ್ತದೆ. ಹೆಂಗಸರು, ಮಕ್ಕಳು ಬರುವುದು ಕಮ್ಮಿಯಾಗಿದೆ. ಮೊನ್ನೆ ಒಬ್ಬ ಕವರ್ ಒಂದನ್ನು ಕೌಂಟರ್ ಮೇಲಿಟ್ಟು, 'ಅಣ್ಣ, ಹತ್ತು ನಿಮಿಷ ಇಟ್ಕೊಂಡಿರಿ, ಒಬ್ಬ ಬಂದು ತಗೊಂಡು ಹೋಗ್ತಾನೆ' ಅಂದ. ಬೇಡಪ್ಪ ಅಂದೆ. ದುರುಗುಟ್ಟಿ ನೋಡಿ ಹೋದ. ಪೊಲೀಸರಿಗೆ ಹೇಳಿದರೆ ನನ್ನ ಹೆಸರು ಹೊರಗೆ ಬರುತ್ತದೆ ಅಂತ ಭಯ. ಏನು ಮಾಡಲಿ?

ಕವರ್ ಬೇಡ ಅಂದಿದ್ದು ಬಹಳ ಒಳ್ಳೆಯದಾಯಿತು. ಮುಂದೆಯೂ ಬೇಡ ಅನ್ನಿ, ದಿನಾ ಟೀ ಕುಡಿಯುವ ಪರಿಚಯದ ಹುಡುಗ ಕೊಟ್ಟರೂ ಅಷ್ಟೇ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆ ಬೇರೆ ಕಾಯ್ದೆಗಳ ಹಾಗಿಲ್ಲ. ಮಾಲು ನಿಮ್ಮ ಕೌಂಟರ್ ಕೆಳಗೆ, ನಿಮ್ಮ ವಶದಲ್ಲಿ ಸಿಕ್ಕಿತು ಅಂತಾದರೆ, ಅದೇನು ಅಂತ ನಿಮಗೆ ಗೊತ್ತಿತ್ತು ಎಂದೇ ನ್ಯಾಯಾಲಯ ಹಿಡಿದು ಹೊರಡುತ್ತದೆ. ಗೊತ್ತಿರಲಿಲ್ಲ ಅಂತ ತೋರಿಸುವ ಹೊಣೆ ನಿಮ್ಮ ತಲೆ ಮೇಲೆ. 35 ಮತ್ತು 54ನೇ ಸೆಕ್ಷನ್‌ಗಳು ಹೇಳುವುದು ಇದನ್ನೇ. ಇನ್ನು 25ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ತನ್ನ ಜಾಗವನ್ನು ಈ ದಂಧೆಗೆ ಬಿಟ್ಟವನಿಗೆ ದಂಧೆ ಮಾಡಿದವನಷ್ಟೇ ಶಿಕ್ಷೆ. ಹತ್ತು ನಿಮಿಷದ ಉಪಕಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗಬಹುದು.

ಇದೇ ಜಾತಿಯ ಇನ್ನೊಂದು ಉಪಕಾರ ಇದೆ. 'ಅಣ್ಣ, ನಿಮ್ಮ ಕ್ಯೂಆರ್‌ಗೆ ದುಡ್ಡು ಹಾಕಿಸ್ತೀನಿ, ಕ್ಯಾಶ್ ಕೊಡಿ' ಅಂತ ಕೇಳುತ್ತಾರೆ. ನೂರೋ ಇನ್ನೂರೋ ಜಾಸ್ತಿ ಕೊಡುತ್ತೇವೆ ಅಂತಲೂ ಅನ್ನುತ್ತಾರೆ. ಆ ದುಡ್ಡು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರುವುದಿಲ್ಲ. ಅದು ಯಾರದೋ ವಂಚನೆಯ ದುಡ್ಡಾಗಿದ್ದು ಯಾರೋ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಲಾಕ್ ಆಗುವುದು ನಿಮ್ಮ ಖಾತೆ. ಮೈದಾ, ಡಾಲ್ಡಾ ತರಿಸೋಕೂ ದುಡ್ಡು ಸಿಗದ ಹಾಗಾಗುತ್ತದೆ.

ಈಗ ಹುಡುಗರ ವಿಷಯ. ಸೈಟಿನಲ್ಲಿ ಕೂತವರೆಲ್ಲ ಒಂದೇ ಅಂದುಕೊಳ್ಳಬೇಡಿ. ಸೇದುವವನು ಬೇರೆ, ಮಾರುವವನು ಬೇರೆ. ಒಂದು ವಾರ ಸುಮ್ನೆ ಗಮನಿಸಿ. ಸೇದುವವರು ಗಂಟೆಗಟ್ಟಲೆ ಕೂರುತ್ತಾರೆ, ನಗುತ್ತಾರೆ, ಹಸಿವಾಗಿ ನಿಮ್ಮಲ್ಲೇ ಬನ್ನು, ಪಫ್ಸು ತಿನ್ನುತ್ತಾರೆ. ಮಾರುವವನು ಕೂರುವುದಿಲ್ಲ. ಗಾಡಿ ಆಫ್ ಮಾಡದೆ ನಿಲ್ಲುತ್ತಾನೆ, ಎರಡು ನಿಮಿಷದಲ್ಲಿ ಮಾಲು ಕೈ ಬದಲಾಗುತ್ತದೆ, ಹೊರಟುಬಿಡುತ್ತಾನೆ. ನಿಮಗೆ ಕವರ್ ಕೊಟ್ಟವನು ಈ ಎರಡನೇ ಪೈಕಿ. ಪೊಲೀಸರಿಗೆ ಬೇಕಾದ್ದು ಅವನ ಸುಳಿವು. ಗಾಡಿ ನಂಬರು, ಬರುವ ಹೊತ್ತು, ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಾನೆ, ವಾರದಲ್ಲಿ ಯಾವ ದಿನ ಅಂತ ಬರೆದಿಟ್ಟುಕೊಳ್ಳಿ. 'ಇಲ್ಲಿ ಗಾಂಜಾ ಹಾವಳಿ ಜಾಸ್ತಿ ಸಾರ್' ಅಂತ ಹತ್ತು ಸಲ ಹೇಳುವುದಕ್ಕಿಂತ ಇಂಥ ನಾಲ್ಕು ವಿವರ ಕೊಟ್ಟರೆ ಕೆಲಸ ಆಗುತ್ತದೆ. ಮೊಬೈಲ್ ಎತ್ತಿ ಅವರೆದುರಿಗೇ ವಿಡಿಯೋ ಮಾಡಬೇಡಿ. ಹೊಡೆತ ತಿಂದವರನ್ನು ನೋಡಿದ್ದೇನೆ.

ಹೆಸರಿನ ಭಯ ಸಹಜ. ಅದಕ್ಕೇ 1933 ಅಂತ ರಾಷ್ಟ್ರೀಯ ಸಹಾಯವಾಣಿ ಇದೆ, ಮಾನಸ್ ಅಂತ ಹೆಸರು. 2024ರಲ್ಲಿ ಶುರುವಾಯಿತು. ಮಾಹಿತಿ ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಚಾಕು ತೋರಿಸಿದರು, ಗಲಾಟೆ ಎಬ್ಬಿಸಿದರು ಅಂದರೆ ಯೋಚನೆ ಮಾಡದೆ 112. ಬೀಟ್ ಪೊಲೀಸರ ಪರಿಚಯವನ್ನೂ ಮಾಡಿಕೊಳ್ಳಿ, ಆದರೆ ಒಬ್ಬರೇ ಹೋಗಬೇಡಿ. ಪಕ್ಕದ ಸಲೂನ್, ಎದುರಿನ ಮೊಬೈಲ್ ಅಂಗಡಿ, ತರಕಾರಿಯವರು ಎಲ್ಲ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ ಕೊಡಿ, ಸ್ವೀಕೃತಿ ತಗೊಳ್ಳಿ. ಹತ್ತು ಸಹಿ ಇದ್ದರೆ ಯಾರು ಹೇಳಿದ್ದು ಅಂತ ಹುಡುಕಿಕೊಂಡು ಬರುವುದು ಕಷ್ಟ.

ಖಾಲಿ ಸೈಟನ್ನು ಮರೆಯಬೇಡಿ. ನನ್ನ ಪ್ರಕಾರ ನಿಮ್ಮ ಅರ್ಧ ಸಮಸ್ಯೆ ಆ ಸೈಟೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಖಾಲಿ ಜಾಗಗಳ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದರು, ಅದರ ವರದಿ 2018ರಲ್ಲಿ ಬಂತು. ಕೆಲವು ಜಾಗಗಳ ಕಸ ತೆಗೆದು, ಹುಲ್ಲು ಹಾಕಿ, ಸೊಂಟದೆತ್ತರದ ಮರದ ಬೇಲಿ ಕಟ್ಟಿದರು. ಉಳಿದವನ್ನು ಹಾಗೇ ಬಿಟ್ಟರು. ತೀರಾ ಬಡ ಬಡಾವಣೆಗಳಲ್ಲಿ, ಚೊಕ್ಕ ಮಾಡಿದ ಜಾಗದ ಸುತ್ತ ಗುಂಡಿನ ದಾಳಿಗಳು 29 ಪರ್ಸೆಂಟ್ ಇಳಿದವು. ನಮ್ಮ ಊರಲ್ಲಿ ಬಂದೂಕಿನ ಕಥೆ ಇಲ್ಲ, ನಿಜ. ಆದರೆ ಎದೆಮಟ್ಟ ಬೆಳೆದ ಪಾರ್ಥೇನಿಯಂ, ಒಡೆದ ಬಾಟಲಿ, ಉರಿಯದ ಬೀದಿದೀಪ ಇರುವ ಕಡೆ ಯಾರು ಬಂದು ಕೂರುತ್ತಾರೆ ಅಂತ ನಿಮಗೇ ಗೊತ್ತಲ್ಲ. ಸೈಟಿನ ಮಾಲೀಕರಿಗೆ ನೋಟಿಸ್ ಕೊಡಲು ಪಾಲಿಕೆಗೆ ಅರ್ಜಿ ಹಾಕಿ. ಅಷ್ಟರಲ್ಲಿ ನೀವು ನಾಲ್ಕು ಅಂಗಡಿಯವರು ಕೈಯಿಂದ ಹಾಕಿ ಒಂದು ದಿನ ಜೆಸಿಬಿ ಕರೆಸಿದರೂ ನಷ್ಟವಿಲ್ಲ, ಮಾಲೀಕರಿಗೆ ಮೊದಲೇ ಒಂದು ಮಾತು ತಿಳಿಸಿರಿ. ನಿಮ್ಮ ಗೋಡೆಯಿಂದ ಆ ಕಡೆಗೆ ಒಂದು ಎಲ್‌ಇಡಿ ಲೈಟು ತಿರುಗಿಸಿಡಿ.

ಕೊನೆಗೆ, ಕೇಳಿದರೆ ಬೇಜಾರಾಗುವ ಮಾತು. ಸಿಗರೇಟು ಮಾರುವುದರಲ್ಲಿ ನೀವೂ ಕಟ್ಟುನಿಟ್ಟಾಗಿರಬೇಕು. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಬಿಡಿಯಾಗಿಯೂ ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗಂತೂ ಇಲ್ಲವೇ ಇಲ್ಲ. ರೋಲಿಂಗ್ ಪೇಪರ್ ಇಡಲೇಬೇಡಿ. ಬೇಕರಿಗೆ ಅದರಿಂದ ಬರುವ ಲಾಭ ಎಷ್ಟು, ಅದು ಕರೆತರುವ ಗಿರಾಕಿ ಯಾರು ಅಂತ ಲೆಕ್ಕ ಹಾಕಿ ನೋಡಿ.

ಪ್ರಶ್ನೆ 2: ದಾವಣಗೆರೆಯಲ್ಲಿ ಸೈಕಲ್ ಶಾಪ್ ಇದೆ. ಹನ್ನೊಂದು ಹನ್ನೆರಡು ವರ್ಷದ ಹುಡುಗರು ಪಂಕ್ಚರ್ ಸೊಲ್ಯೂಷನ್ ಕೇಳಿಕೊಂಡು ಬರುತ್ತಾರೆ. ನಶೆಗೆ ಅಂತ ಆಮೇಲೆ ತಿಳಿಯಿತು. ಕೊಡಲ್ಲ ಅಂದರೆ ಕಲ್ಲು ಎಸೆದು ಓಡುತ್ತಾರೆ. ಅಟ್ಟಿಸಿಕೊಂಡು ಹೋಗಿ ಎರಡು ಬಾರಿಸೋಣ ಅನ್ನಿಸುತ್ತದೆ.

ದಯವಿಟ್ಟು ಅಟ್ಟಿಸಿಕೊಂಡು ಹೋಗಬೇಡಿ. ಇದು ಕರುಣೆಯ ಮಾತಷ್ಟೇ ಆಗಿದ್ದರೆ ಇಷ್ಟು ಜೋರಾಗಿ ಹೇಳುತ್ತಿರಲಿಲ್ಲ. ಸೊಲ್ಯೂಷನ್, ಥಿನ್ನರ್‌ಗಳಲ್ಲಿ ಟೊಲ್ವೀನ್‌ನಂಥ ರಾಸಾಯನಿಕ ಇರುತ್ತದೆ. ಅದನ್ನು ಎಳೆದುಕೊಂಡ ಸ್ವಲ್ಪ ಹೊತ್ತು ಹೃದಯ ಬಹಳ ಸೂಕ್ಷ್ಮವಾಗಿರುತ್ತದೆ. ಆಗ ಬೆಚ್ಚಿಬಿದ್ದರೆ, ಹೆದರಿ ಜೋರಾಗಿ ಓಡಿದರೆ, ಬಡಿತ ತಾಳ ತಪ್ಪಿ ಅಲ್ಲೇ ಕುಸಿದು ಸಾಯಬಹುದು. ಮೊದಲ ಸಲ ಎಳೆದ ಮಗುವಿಗೂ ಹೀಗಾಗಬಹುದು. ಕುಸಿದು ಬಿದ್ದವನನ್ನು ಕಂಡರೆ ಮುಖದ ಹತ್ತಿರದ ಬಟ್ಟೆ, ಕವರ್ ತೆಗೆದು, ಗಾಳಿ ಆಡುವ ಕಡೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಗುರುತು ಹಿಡಿಯುವುದು ಸುಲಭ. ಮುಷ್ಟಿಯಲ್ಲಿ ಒದ್ದೆ ಬಟ್ಟೆಯ ಚೂರು. ತುಟಿ ಸುತ್ತ, ಮೂಗಿನ ಕೆಳಗೆ ಕೆಂಪಗಾಗಿ ಸಿಪ್ಪೆ ಎದ್ದ ಚರ್ಮ. ಅಂಗಿಯ ತೋಳು ಪೇಂಟ್ ಅಂಗಡಿಯ ಹಾಗೆ ನಾರುತ್ತದೆ. ಸೈಕಲ್ಲೇ ಇಲ್ಲದವನು ಒಂದೇ ಸಲ ಮೂರು ಟ್ಯೂಬ್ ಕೇಳಿದರೆ ಇನ್ನೇನು ಬೇಕು ಹೇಳಿ. ಟ್ಯೂಬುಗಳನ್ನು ಕಣ್ಣಿಗೆ ಬೀಳುವ ಕಡೆ ನೇತುಹಾಕಬೇಡಿ, ಒಳಗಿಡಿ. 'ಸೈಕಲ್ ತಗೊಂಬಾರಪ್ಪ, ನಾನೇ ಪಂಕ್ಚರ್ ಹಾಕಿ ಕೊಡ್ತೀನಿ' ಅನ್ನಿ. ಇದರಲ್ಲಿ ಜಗಳಕ್ಕೆ ಜಾಗವಿಲ್ಲ. ಹಾರ್ಡ್‌ವೇರ್, ಸ್ಟೇಷನರಿ ಅಂಗಡಿಯವರಿಗೂ ಇದೇ ಹೇಳಿ. ನೀವೊಬ್ಬರೇ ನಿಲ್ಲಿಸಿದರೆ ಅವರು ಪಕ್ಕದ ಬೀದಿಗೆ ಹೋಗುತ್ತಾರೆ ಅಷ್ಟೇ.

ಸೊಲ್ಯೂಷನ್ ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲ. ಹಾಗಾಗಿ ಇಲ್ಲಿ ಪೊಲೀಸರ ಕೈಗಿಂತ ಅಂಗಡಿಯವರ ಕೈ ದೊಡ್ಡದು. 2019ರಲ್ಲಿ ಬಂದ ದೇಶವ್ಯಾಪಿ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡದ್ದು ಇಂಥ ಎಳೆಯುವ ವಸ್ತುಗಳ ನಶೆ ಒಂದೇ. ದೊಡ್ಡವರಲ್ಲಿ 0.58 ಪರ್ಸೆಂಟ್, 10ರಿಂದ 17 ವರ್ಷದವರಲ್ಲಿ 1.17 ಪರ್ಸೆಂಟ್. ಇವರಲ್ಲಿ ಎಷ್ಟೋ ಮಕ್ಕಳು ಹಸಿವು, ಚಳಿ ಗೊತ್ತಾಗದಿರಲಿ ಅಂತ ಎಳೆಯುತ್ತಾರೆ. ನನ್ನ ಬಳಿ ಬಂದ ಒಬ್ಬ ಹುಡುಗ, 'ಇದು ಎಳೆದ್ರೆ ಊಟ ಬೇಕು ಅನ್ಸಲ್ಲ ಆಂಟಿ' ಅಂದಿದ್ದ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಆಸರೆ, ಚಿಕಿತ್ಸೆ ಎರಡಕ್ಕೂ ದಾರಿ ಇದೆ. ಕಲ್ಲು ಎಸೆದವನು ಮತ್ತೆ ಬಂದೇ ಬರುತ್ತಾನೆ. ಬಂದಾಗ ಒಂದು ಇಡ್ಲಿ ಪೊಟ್ಟಣ ಕೊಟ್ಟು ಹೆಸರು ಕೇಳಿ ನೋಡಿ.

ಪ್ರಶ್ನೆ 3: ಕಲಬುರಗಿಯಲ್ಲಿ ಮೆಡಿಕಲ್ ಶಾಪ್. ಚೀಟಿ ಇಲ್ಲದೆ ನಿದ್ರೆ ಮಾತ್ರೆ, ನೋವಿನ ಮಾತ್ರೆ ಕೊಡು ಅಂತ ಕೆಲವರು ರಾತ್ರಿ ಬಂದು ಹೆದರಿಸುತ್ತಾರೆ. ಒಬ್ಬನೇ ಇರುತ್ತೇನೆ.

ಕೊಡಬೇಡಿ. ನೋವಿನ ಮಾತ್ರೆ ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಅಡಿ ಬಂದಿದೆ, ನಿದ್ರೆಗೆ ನುಂಗುವ ಆಲ್‌ಪ್ರಜೋಲಮ್ ಮೊದಲಿಂದಲೂ ಇದೆ. ಒಂದು ಸಲ ಹೆದರಿ ಕೊಟ್ಟರೆ ನಾಳೆ ಅದನ್ನೇ ಹಿಡಿದು ಬೆದರಿಸುತ್ತಾರೆ. ಎಚ್1 (ಮಾರಾಟದ ಲೆಕ್ಕ ಬರೆದಿಡಲೇಬೇಕಾದ) ಔಷಧಿಗಳ ರಿಜಿಸ್ಟರ್ ದಿನಾ ಬರೆಯಿರಿ, ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟಾಕ್ ಕಮ್ಮಿ ಇಡಿ. 'ರಾತ್ರಿ ಎಂಟರ ಮೇಲೆ ಆ ಮಾತ್ರೆಗಳು ಅಂಗಡಿಯಲ್ಲಿರಲ್ಲ' ಅಂತ ಬೋರ್ಡ್ ಹಾಕಿ, ನಿಜವಾಗಿಯೂ ಬೇರೆ ಕಡೆ ಬೀಗದಲ್ಲಿಡಿ. ಗ್ರಿಲ್ ಹಾಕಿಸಿ ಅದರ ಕಿಂಡಿಯಿಂದಲೇ ವ್ಯಾಪಾರ ಮಾಡಿ. ಚಾಕು ತೋರಿಸಿದರೆ ಮಾತ್ರ ಹಟ ಬೇಡ. ಕೇಳಿದ್ದು ಕೊಟ್ಟು ಕಳಿಸಿ, ತಕ್ಷಣ 112, ಅದೇ ರಾತ್ರಿ ಲಿಖಿತ ದೂರು. ಠಾಣೆಯಲ್ಲಿ 'ನಮ್ಮ ವ್ಯಾಪ್ತಿ ಅಲ್ಲ' ಅಂದರೆ, ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬೇಕು ಅಂತ ಹೇಳಿ. ಅಲ್ಲೂ ಆಗದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ಕಮಿಷನರೇಟ್ ಇರುವ ನಿಮ್ಮ ಊರಲ್ಲಿ ಡಿಸಿಪಿಗೆ ಕಳಿಸಿ.

ಪ್ರಶ್ನೆ 4: ತುಮಕೂರಿನಲ್ಲಿ ದಿನಸಿ ಅಂಗಡಿ ನಡೆಸುತ್ತೇನೆ, ಗಂಡ ಇಲ್ಲ. ಹಿಂದಿನ ಬೀದಿಯ ಹುಡುಗ, ನನ್ನ ಮಗನ ಜತೆ ಓದಿದವನು, ಗಲ್ಲಾದಿಂದ ಎರಡು ಸಾವಿರ ಎತ್ತಿಕೊಂಡು ಸಿಕ್ಕಿಬಿದ್ದ. ಮಾತ್ರೆ, ಕುಡಿತ ಎರಡೂ ಇದೆಯಂತೆ. ಬೀದಿಯವರು ಕಂಬಕ್ಕೆ ಕಟ್ಟಿ ಬಾರಿಸೋಣ ಅಂದರು, ನಾನು ತಡೆದೆ. ಅವನ ತಾಯಿ ಬಂದು ಕಾಲು ಹಿಡಿದಳು. ಕೇಸು ಕೊಡಲೇ, ಬಿಡಲೇ?

ತಡೆದಿರಲ್ಲ ಅಕ್ಕ, ಆ ಹೊತ್ತಲ್ಲಿ ಅದು ಸುಲಭದ ಕೆಲಸ ಆಗಿರಲಿಲ್ಲ. ಕಂಬಕ್ಕೆ ಕಟ್ಟಿ ಹೊಡೆದಿದ್ದರೆ ಜೈಲಿಗೆ ಹೋಗುವ ಸರದಿ ಬೀದಿಯವರದ್ದಾಗುತ್ತಿತ್ತು. ಕಳ್ಳನನ್ನು ಹಿಡಿದು ನಿಲ್ಲಿಸಲು ಕಾನೂನು ಬಿಡುತ್ತದೆ. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು.

ಕೇಸು ಕೊಡುವುದು ನಿಮ್ಮ ಹಕ್ಕು. ಮೊದಲ ಸಲ ಕದ್ದವನು, ಕದ್ದದ್ದು ಐದು ಸಾವಿರದ ಒಳಗೆ, ದುಡ್ಡು ವಾಪಸ್ ಕೊಟ್ಟ ಅಂದರೆ ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಸಮುದಾಯ ಸೇವೆಯ ಶಿಕ್ಷೆ ಇದೆ. ಆದರೂ ನನ್ನನ್ನು ಕೇಳಿದರೆ, ಈ ಒಂದು ಸಲ ತಾಯಿಯ ಜತೆ ಒಂದು ಒಪ್ಪಂದಕ್ಕೆ ಬನ್ನಿ. ದುಡ್ಡು ತಿಂಗಳಿಗಿಷ್ಟು ಅಂತ ತೀರಿಸಬೇಕು. ಅವನು ಇದೇ ವಾರ ಆಸ್ಪತ್ರೆಗೆ ಹೋಗಬೇಕು. ತಪ್ಪಿದರೆ ದೂರು. ಹೇಳಿದ ಮೇಲೆ ತಪ್ಪಿದರೆ ದೂರು ಕೊಡಲೇಬೇಕು. ಇಲ್ಲದಿದ್ದರೆ ಅವನಿಗೂ ಅರ್ಥವಾಗುವುದಿಲ್ಲ, ಆ ತಾಯಿಗೂ ಒಳ್ಳೆಯದಾಗುವುದಿಲ್ಲ.

ತಾಯಿಗೆ ಒಂದು ಮಾತು ತಪ್ಪದೆ ಹೇಳಿ. ರೂಮಲ್ಲಿ ಕೂಡಿಹಾಕಿ ಬಿಡಿಸ್ತೀನಿ ಅಂತ ಹೊರಡಬಾರದು. ವರ್ಷಗಟ್ಟಲೆ ಕುಡಿದವರು, ನಿದ್ರೆ ಮಾತ್ರೆ ನುಂಗಿದವರು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಲಿ. ಕೇಸು ದೊಡ್ಡದಿದ್ದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ, ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. 14446 ಅಂತ ಉಚಿತ ಸಹಾಯವಾಣಿಯೂ ಇದೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಬಹಳ ಮನೆಯವರು ಹೆದರುತ್ತಾರೆ. ಚಿಕಿತ್ಸೆಗೆ ಹೋದರೆ ಅದರಿಂದಲೇ ಕೇಸ್ ಆಗುವುದಿಲ್ಲ. ಸೇವನೆಯ ಕೇಸ್ ಇದ್ದರೂ, ತಾನಾಗಿ ಬಂದು ಚಿಕಿತ್ಸೆ ಪೂರ್ತಿ ಮಾಡಿಕೊಂಡವರಿಗೆ ಎನ್‌ಡಿಪಿಎಸ್‌ನ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ.

'ರಾತ್ರಿ ವ್ಯಾನ್ ತಂದು ಎತ್ತಾಕೊಂಡು ಹೋಗ್ತೀವಿ, ಮೂರು ತಿಂಗಳು ನಮಗೆ ಬಿಡಿ' ಅನ್ನುವ ಕೇಂದ್ರಗಳಿಗೆ ಒಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯಾ ಅಂತ ಕೇಳಿ, ಕಾಗದ ತೋರಿಸಲಿ. ಅಲ್ಲಿ ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ತಾಯಿ ಬಂದು ನೋಡಬಹುದಾ ಅಂತಲೂ ಕೇಳಿ. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ಸಾಧ್ಯವಾದರೆ ಮೊದಲ ದಿನ ನೀವೂ ಆಸ್ಪತ್ರೆಗೆ ಹೋಗಿ. ಓಪಿಡಿ ಕ್ಯೂನಲ್ಲಿ ಆ ತಾಯಿ ಒಬ್ಬಳೇ ನಿಲ್ಲುವುದು ಬೇಡ. ನಿಮ್ಮ ಮಗನ ಬಳಿ ಒಂದು ಮಾತು ಕೇಳಿ, ಅವನು ಕರೆದರೆ ಗೆಳೆಯ ಬರಬಹುದು. ಗಲ್ಲಾದ ಬೀಗದ ಕೈ ಮಾತ್ರ, ಹುಡುಗ ಸುಧಾರಿಸಿಕೊಂಡು ಬಂದ ಮೇಲೂ, ನಿಮ್ಮ ಸೊಂಟದಲ್ಲೇ ಇರಲಿ.