ಒಂದೇ ಪ್ರೊಸೆಸ್‌ನ ಫೈಲ್ ಸರ್ವರ್: ಕರೆಂಟ್ ಹೋದಾಗ ಉಳಿಯುವ ಕನೆಕ್ಷನ್‌ಗಳು

ತೀರ್ಥಹಳ್ಳಿಯ ಕಚೇರಿಯಲ್ಲಿ ಮಳೆಗೆ ಕರೆಂಟ್ ಹೋಗಿ ಪಿಸಿಗಳು ಆರಿದರೂ, ಯುಪಿಎಸ್ ಮೇಲಿನ ಲಿನಕ್ಸ್ ಸರ್ವರ್‌ನಲ್ಲಿ ನೀವು ಬರೆದ ಒಂದೇ ಪ್ರೊಸೆಸ್‌ನ ಫೈಲ್ ಸರ್ವರ್‌ಗೆ ಆ ಪಿಸಿಗಳ ಕನೆಕ್ಷನ್‌ಗಳು ಹಾಗೇ ಉಳಿಯುತ್ತವೆ, ಏನು ಮಾಡಲಿ ಅಂದಿರಿ. ಸಹಜವೇ: ದಿಢೀರ್ ಆರಿದ ಯಂತ್ರ, ಕನೆಕ್ಷನ್ ಮುಗಿಸುತ್ತಿದ್ದೇನೆ ಎಂದು ತಿಳಿಸುವ ಫಿನ್ ಪ್ಯಾಕೆಟ್ ಕಳಿಸುವುದಿಲ್ಲ.

ಪ್ರತಿ ಸಾಕೆಟ್‌ಗೂ (ಕನೆಕ್ಷನ್‌ನ ಸರ್ವರ್ ಕಡೆಯ ತುದಿ) ಕೀಪ್‌ಅಲೈವ್ ಹಾಕಿ, ಅಂದರೆ ಸುಮ್ಮನಿರುವ ಕನೆಕ್ಷನ್‌ನ ಆಚೆ ಕಡೆ ಯಂತ್ರ ಇನ್ನೂ ಇದೆಯೇ ಎಂದು ನೋಡುವ ತಪಾಸಣೆ. ಡಿಫಾಲ್ಟ್‌ನಲ್ಲಿ ಮೊದಲ ತಪಾಸಣೆಗೇ 7200 ಸೆಕೆಂಡ್, ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ. ಕಚೇರಿಗೆ ಇದು ತೀರಾ ಹೆಚ್ಚು. ಈ ಮೂರನ್ನೂ ಕ್ರಮವಾಗಿ 60, 10, 3ಕ್ಕೆ ಇಳಿಸಿದರೆ ಒಂದೂವರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಆರಿದ ಆ ಕ್ಲೈಂಟ್ ಪಿಸಿಯ ಫೈಲ್ ಲಾಕ್‌ಗಳನ್ನೂ (ಬೇರೆಯವರು ಫೈಲ್ ಮುಟ್ಟದಂತೆ ಹಾಕಿದ ಬೀಗ) ಆಗಲೇ ಬಿಡಿಸಿ. ಕಳಿಸಿದ ಡೇಟಾಗೆ ಉತ್ತರ ಬಾಕಿಯಿದ್ದಾಗ ಮಾತ್ರ ಕೀಪ್‌ಅಲೈವ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಟಿಸಿಪಿ ಯೂಸರ್ ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ಬೇರೆಯಾಗಿ ಕೊಡಬೇಕು, ಮಿಲಿಸೆಕೆಂಡ್‌ನಲ್ಲಿ.

ಇನ್ನು ಸಾಕೆಟ್‌ಗಳೆಲ್ಲ ನಾನ್‌ಬ್ಲಾಕಿಂಗ್ ಆಗಿ (ಡೇಟಾಗಾಗಿ ಕಾಯುತ್ತ ನಿಲ್ಲದಂತೆ) ಈಪೋಲ್‌ನಲ್ಲಿರಲಿ; ಯಾವ ಸಾಕೆಟ್ ಸಿದ್ಧವಿದೆ ಎಂದು ಹೇಳುವ ಲಿನಕ್ಸ್ ಸೌಲಭ್ಯ ಅದು. ಆದರೆ ಡಿಸ್ಕ್ ಫೈಲನ್ನು ಈಪೋಲ್ ಸ್ವೀಕರಿಸುವುದಿಲ್ಲ, ಹಾಗಾಗಿ ಒಂದು ನಿಧಾನದ ರೀಡ್ ಸಾಕು ಎಲ್ಲರೂ ಕಾಯಲು. ಡಿಸ್ಕ್ ಓದುವ ಆ ಕೆಲಸವನ್ನು ಅದೇ ಪ್ರೊಸೆಸ್‌ನ ನಾಲ್ಕೈದು ಥ್ರೆಡ್‌ಗಳಿಗೆ (ಒಂದೇ ಪ್ರೊಸೆಸ್‌ನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆಗಳು) ವಹಿಸಿ.