'ನಾ ನಿನ್ನ ಬಿಡಲಾರೆ'ಯನ್ನ ಧೈರ್ಯವಾಗಿ ಸೇರಿಸಿ

ಶ್ರೇಷ್ಠ ಹಾರರ್ ಪಟ್ಟಿಯಲ್ಲಿ 'ದಿ ಎಕ್ಸಾರ್ಸಿಸ್ಟ್' ಪಕ್ಕ 'ನಾ ನಿನ್ನ ಬಿಡಲಾರೆ' ಇಟ್ಟಿದ್ದಕ್ಕೆ ದಾವಣಗೆರೆಯ ನಿಮ್ಮ ರೂಮಿನವರು ನಕ್ಕರು, ನಾನು ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ.

'ಎಕ್ಸಾರ್ಸಿಸ್ಟ್' ದೊಡ್ಡ ಚಿತ್ರ, ಎರಡು ಮಾತಿಲ್ಲ. 1973ರಲ್ಲಿ ಬಂದು 10 ಆಸ್ಕರ್ ನಾಮನಿರ್ದೇಶನ ಪಡೀತು. ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಹೋದ ಮೊದಲ ಹಾರರ್ ಅದೇ. ದೆವ್ವ ಹಿಡಿದ ಹುಡುಗಿಯ ಕೋಣೆಯ ಸೆಟ್ಟನ್ನೇ ಕೊರೆಯೋ ಹಾಗೆ ತಣ್ಣಗೆ ಮಾಡಿದ್ರು. ದೆವ್ವ ಬಿಡಿಸೋಕೆ ಬಂದ ಪಾದ್ರಿಗಳ ಬಾಯಿಂದ ಹೊರಡೋ ಉಸಿರಿನ ಹಬೆ ನಿಜವಾದದ್ದು.

1979ರ ನಮ್ಮ ಚಿತ್ರದಲ್ಲಿ ಅಂಥ ವ್ಯವಸ್ಥೆ ಎಲ್ಲಿತ್ತು? ಭಯದ ಭಾರವನ್ನೆಲ್ಲ ಅನಂತ್ ನಾಗ್ ತಮ್ಮ ಮುಖದ ಮೇಲೆ ಹೊತ್ತಿದ್ದಾರೆ. ನಾನು ಅದನ್ನ ನೋಡಿದ್ದು ಚಿಕ್ಕವನಿದ್ದಾಗ, ಚಿತ್ರದುರ್ಗದ ಅಜ್ಜಿ ಮನೆ ಟೀವಿಯಲ್ಲಿ. ರಾತ್ರಿ ಹಿತ್ತಿಲ ಬಚ್ಚಲಿಗೆ ಹೋಗೋವಾಗ ಕೋಟೆ ಕಡೆಯಿಂದ ಬೀಸೋ ಗಾಳಿಗೆ ತಗಡಿನ ಬಾಗಿಲು ದಬದಬ ಬಡ್ಕೊಳ್ತಿತ್ತು. ಅಜ್ಜಿ ಸೆರಗು ಬಿಡಲೇ ಇಲ್ಲ ನಾನು. "ರಾಯರು ಅದಾರೆ, ಸುಮ್ನೆ ಬಾರಪ್ಪ" ಅಂದಿದ್ದರು. ಚಿತ್ರದಲ್ಲೂ ಕಾಪಾಡೋರು ಅದೇ ರಾಯರು. ನಮ್ಮ ಮನೆಯ ನಂಬಿಕೆಯೇ ಅಲ್ಲಿ ಪಣಕ್ಕೆ ಬಿದ್ದಿರುತ್ತೆ, ಅದಕ್ಕೇ ಆ ಹೆದರಿಕೆ ಇಷ್ಟು ಹತ್ತಿರದ್ದು.

'ಆಪ್ತಮಿತ್ರ' (2004) ಬಗ್ಗೆಯೂ ಕೇಳಿದ್ರಿ. ಅದರಲ್ಲಿ ನಟಿ ಸೌಂದರ್ಯ ಅವರ ಅಭಿನಯ ನನಗೆ ಪ್ರಾಣ. ಆದ್ರೆ ಕಥೆಯ ಮೂಲ 1993ರ ಮಲಯಾಳಂ 'ಮಣಿಚಿತ್ರತ್ತಾಳ್', ಹಾಗಾಗಿ ಪಟ್ಟಿಯಲ್ಲಿ ಆ ಜಾಗ ಮೂಲಕ್ಕೇ ಕೊಡ್ತೀನಿ.

ನಕ್ಕವರನ್ನ ಒಂದು ರಾತ್ರಿ ಕೂರಿಸಿ, ಲೈಟ್ ಆರಿಸಿ, ಪೂರ್ತಿ ತೋರಿಸಿ. ಏನಂದ್ರು ಅಂತ ಇಲ್ಲೇ ಬರೀರಿ, ಕಾಯ್ತಿರ್ತೀನಿ.